ಹಾಸಿಗೆಯ ಹಿಂದಿನ ಗೋಡೆ: ಜಿಲ್ಲಾ ಮಟ್ಟದ ತೀವ್ರ ನಿಗಾ ಘಟಕದ ಯೋಜನೆಯಲ್ಲಿ ಆಮ್ಲಜನಕ, ವಿದ್ಯುತ್ತು ಮತ್ತು ನರ್ಸ್‌ಗಳ ಲೆಕ್ಕ

ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ (ಐಸಿಯು) ತೆರೆಯುವ ಮಾತು ಬಂದ ಕೂಡಲೇ ಮೊದಲು ಸಿದ್ಧವಾಗುವುದು ಉಪಕರಣಗಳ ಪಟ್ಟಿ. ವೆಂಟಿಲೇಟರ್, ಮಾನಿಟರ್, ಸಿರಿಂಜ್ ಪಂಪ್, ಡಿಫಿಬ್ರಿಲೇಟರ್: ಇವೆಲ್ಲ ಟೆಂಡರಿಗೆ ಸುಲಭವಾಗಿ ಒಗ್ಗುತ್ತವೆ, ಉದ್ಘಾಟನೆಯ ದಿನ ಕಣ್ಣಿಗೂ ಕಾಣುತ್ತವೆ. ಈ ಕ್ರಮವನ್ನು ತಿರುವಿಹಾಕಬೇಕೆಂಬುದು ಪ್ರಸ್ತುತ ಲೇಖನದ ವಾದ. ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರ ಲೆಕ್ಕ ಮೊದಲು, ಗೋಡೆಯೊಳಗಿನ ಆಮ್ಲಜನಕ ಮತ್ತು ವಿದ್ಯುತ್ತಿನ ಲೆಕ್ಕ ಆಮೇಲೆ, ಯಂತ್ರಗಳ ಖರೀದಿ ಕೊನೆಗೆ.

ಈ ವಾದಕ್ಕೆ ಚರಿತ್ರೆಯ ಬೆಂಬಲವಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಪಿಡುಗು ಅಪ್ಪಳಿಸಿದಾಗ ಬ್ಲೆಗ್ಡಮ್ ಆಸ್ಪತ್ರೆಯಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಉಸಿರಾಟದ ಸ್ನಾಯುಗಳು ಸೋತಿದ್ದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಂಡಿ ಗಾಳಿ ತುಂಬುವ ವಿಧಾನವನ್ನು ತೋರಿಸಿಕೊಟ್ಟರು. ಆ ಚೀಲಗಳನ್ನು ಪಾಳಿಯ ಮೇಲೆ ಹಗಲೂ ರಾತ್ರಿ ಹಿಂಡಿದವರು ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. 1953ರಲ್ಲಿ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಬ್ಸೆನ್ ತೆರೆದ ವಾರ್ಡನ್ನು ಜಗತ್ತಿನ ಮೊದಲ ಐಸಿಯುಗಳಲ್ಲಿ ಒಂದೆಂದು ವೈದ್ಯಕೀಯ ಇತಿಹಾಸಕಾರರು ಗುರುತಿಸುತ್ತಾರೆ. ಅಂದರೆ ಐಸಿಯು ಹುಟ್ಟಿದ್ದೇ ಯಂತ್ರ ಸಾಲದ ಕಡೆ, ಸಾಕಷ್ಟು ಜನ ಕೂಡಿದ್ದರಿಂದ.

ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚು ಎಡವಿರುವ ಜಾಗ ಆಮ್ಲಜನಕದ್ದು. ವೆಂಟಿಲೇಟರಿನಲ್ಲಿರುವ ರೋಗಿಗೆ ನಿಮಿಷಕ್ಕೆ ಸುಮಾರು 15 ಲೀಟರ್ ಬೇಕೆಂದು ಇಟ್ಟುಕೊಳ್ಳೋಣ. ಮೂಗಿನ ಮೂಲಕ ರಭಸವಾಗಿ ಗಾಳಿ ಕೊಡುವ ಎಚ್‌ಎಫ್‌ಎನ್‌ಸಿ ಯಂತ್ರ ಪೂರ್ಣ ಆಮ್ಲಜನಕದಲ್ಲಿ ನಡೆದರೆ 60 ಲೀಟರ್‌ವರೆಗೂ ಎಳೆಯುತ್ತದೆ. ಜಂಬೋ ಸಿಲಿಂಡರಿನಲ್ಲಿರುವುದು ಸುಮಾರು 7000 ಲೀಟರ್ ಅನಿಲ. ಎಚ್‌ಎಫ್‌ಎನ್‌ಸಿಯಲ್ಲಿರುವ ಒಬ್ಬ ರೋಗಿಗೆ ಒಂದು ಸಿಲಿಂಡರ್ ಎರಡು ಗಂಟೆಯೂ ಬಾರದು. ಹತ್ತು ಹಾಸಿಗೆಗಳಲ್ಲಿ ಆರು ವೆಂಟಿಲೇಟರ್, ನಾಲ್ಕು ಎಚ್‌ಎಫ್‌ಎನ್‌ಸಿ ನಡೆಯುತ್ತಿದ್ದರೆ ಒಟ್ಟು ಬೇಡಿಕೆ ನಿಮಿಷಕ್ಕೆ 330 ಲೀಟರ್. ಅದರಲ್ಲಿ 240 ಲೀಟರ್ ಆ ನಾಲ್ಕೇ ಹಾಸಿಗೆಗಳದ್ದು. ಪಟ್ಟಿಯಲ್ಲಿ ಅಗ್ಗವಾಗಿ ಕಾಣುವ ಯಂತ್ರ ಕೊಳವೆಯ ಮುಕ್ಕಾಲು ಭಾಗವನ್ನು ಕುಡಿಯುತ್ತದೆ ಎಂಬುದನ್ನು ಖರೀದಿ ಸಮಿತಿಗೆ ಯಾರೂ ಹೇಳುವುದಿಲ್ಲ.

ಸಂಗ್ರಹ ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಹರಿವು ಎಷ್ಟು ಸಾಧ್ಯ ಎಂಬುದು ಬೇರೆಯೇ ಪ್ರಶ್ನೆ. ಮೈನಸ್ 183 ಡಿಗ್ರಿಯಲ್ಲಿ ಕುದಿಯುವ ದ್ರವ ಆಮ್ಲಜನಕ ಒಂದು ಲೀಟರಿಗೆ ಸುಮಾರು 860 ಲೀಟರ್ ಅನಿಲವಾಗುತ್ತದೆ. ಒಂದು ಕಿಲೋಲೀಟರ್ ದ್ರವ ಸುಮಾರು ನೂರಿಪ್ಪತ್ತು ಜಂಬೋ ಸಿಲಿಂಡರ್‌ಗಳಿಗೆ ಸಮ. ಮೇಲಿನ ಹತ್ತು ಹಾಸಿಗೆಯ ಘಟಕಕ್ಕೆ ಅದು ಸುಮಾರು ನಲವತ್ಮೂರು ಗಂಟೆಗೆ ಸಾಕು. ಆದರೆ ದ್ರವವನ್ನು ಅನಿಲವಾಗಿಸುವ ವೇಪರೈಸರ್ ಸಣ್ಣದಿದ್ದರೆ ಅದರ ಮೇಲೆ ಮಂಜುಗಟ್ಟಿ ಹರಿವು ಕುಸಿಯುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಗೆಂದು ಹಿಂದೆಂದೋ ಎಳೆದ ತಾಮ್ರದ ಸಣ್ಣ ಕೊಳವೆಗೆ ಹೊಸ ಐಸಿಯು ಜೋಡಿಸಿದರೆ ಟ್ಯಾಂಕ್ ತುಂಬಿದ್ದರೂ ಕಟ್ಟಕಡೆಯ ಹಾಸಿಗೆಯಲ್ಲಿ ಒತ್ತಡ ಬೀಳುತ್ತದೆ.

ಪೂರೈಕೆಯೇ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಕೋವಿಡ್ ಕಾಲ ತೋರಿಸಿತು. 2021ರ ಮೇ 2ರ ರಾತ್ರಿ ಮತ್ತು ಮರುದಿನ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದ ಅವಧಿಯಲ್ಲಿ 24 ರೋಗಿಗಳು ಸತ್ತರು. ಸಿಲಿಂಡರ್‌ಗಳು ಮೈಸೂರಿನಿಂದ ರಸ್ತೆಯ ಮೇಲೆ ಬರಬೇಕಿತ್ತು. ಆಮ್ಲಜನಕದ ಕೊರತೆಯಿಂದ ಸತ್ತವರೆಷ್ಟು ಎಂಬುದರ ಸುತ್ತ ಬಹುಕಾಲ ವಾದ ನಡೆಯಿತು. ಯೋಜಕನಿಗೆ ಮುಖ್ಯವಾಗಬೇಕಾದದ್ದು ಆ ಸಂಖ್ಯೆಗಿಂತ ಲಾರಿಯನ್ನೇ ನಂಬಿದ ವ್ಯವಸ್ಥೆ. ಅದಕ್ಕೂ ಮೊದಲು, ಏಪ್ರಿಲ್ 21ರಂದು, ನಾಸಿಕ್‌ನ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ ಟ್ಯಾಂಕ್ ಸೋರಿ ಪೂರೈಕೆ ನಿಂತು ಕನಿಷ್ಠ 22 ಮಂದಿ ಸತ್ತಿದ್ದರು. ಅಲ್ಲಿ ಟ್ಯಾಂಕ್ ಇತ್ತು. ತಕ್ಷಣ ಕೈಗೆ ಸಿಗುವ ಎರಡನೆಯ ಮೂಲ ಆ ಪ್ರಮಾಣಕ್ಕೆ ಸಾಲಲಿಲ್ಲ. ಆಮೇಲೆ ದೇಶದ ಉದ್ದಗಲಕ್ಕೂ ಬಂದ ಪಿಎಸ್‌ಎ ಘಟಕಗಳು ವಾತಾವರಣದ ಗಾಳಿಯಿಂದಲೇ ಸುಮಾರು ಶೇಕಡಾ 93 ಶುದ್ಧತೆಯ ಆಮ್ಲಜನಕ ತಯಾರಿಸುತ್ತವೆ. ಇವು ಬೇಕು. ಆದರೆ ಇವುಗಳ ಕಂಪ್ರೆಸರ್ ಓಡುವುದು ಕರೆಂಟಿನಿಂದ. ಜನರೇಟರ್ ಅದನ್ನು ಹೊರಲಾರದಿದ್ದರೆ ಕರೆಂಟ್ ಹೋದ ಕ್ಷಣ ಆಮ್ಲಜನಕವೂ ಹೋಗುತ್ತದೆ. ಎರಡು ಇಲಾಖೆಗಳ ಎರಡು ಕಡತಗಳಲ್ಲಿ ಓಡಾಡುವ ಈ ಎರಡು ಸಂಗತಿ ಹಾಸಿಗೆಯ ಬಳಿ ಒಂದೇ.

ಗಾಳಿಯ ವಿಚಾರದಲ್ಲಿಯೂ ಇದೇ ಅಜಾಗರೂಕತೆ. ಗಂಟೆಗೆ ಕನಿಷ್ಠ ಆರು ಸಲ ಗಾಳಿ ಬದಲಾಗಬೇಕು, ಅದರಲ್ಲಿ ಎರಡು ಸಲದಷ್ಟು ಹೊರಗಿನ ತಾಜಾ ಗಾಳಿಯಾಗಿರಬೇಕು ಎಂಬುದು ಐಸಿಯುವಿಗೆ ಸಾಮಾನ್ಯವಾಗಿ ಒಪ್ಪಿತವಾದ ಮಾನದಂಡ. ಗೋಡೆಗೆ ಸ್ಪ್ಲಿಟ್ ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. ಸೋಂಕು ಹಾಗಿರಲಿ, ಸೋರಿದ ಆಮ್ಲಜನಕ ಅಲ್ಲಿಯೇ ಶೇಖರವಾಗಿ ಸಣ್ಣ ಕಿಡಿಯನ್ನೂ ಬೆಂಕಿಯಾಗಿಸಬಲ್ಲದು. ಮನೆಗೆಂದು ಮಾಡಿದ ಎಸಿಯನ್ನು ತಿಂಗಳುಗಟ್ಟಲೆ ಆರಿಸದೆ ಓಡಿಸಿದರೆ ಆ ಕಿಡಿಗೂ ಅವಕಾಶ ಮಾಡಿಕೊಟ್ಟಂತೆ. 2021ರ ಏಪ್ರಿಲ್‌ನಲ್ಲಿ ಮುಂಬಯಿ ಸಮೀಪದ ವಿರಾರ್‌ನ ಖಾಸಗಿ ಆಸ್ಪತ್ರೆಯೊಂದರ ಐಸಿಯು ಹೊತ್ತಿಕೊಂಡಾಗ ಬೆಂಕಿಯ ಮೂಲ ಎಸಿ ಎಂದೇ ವರದಿಯಾಯಿತು. ವೆಂಟಿಲೇಟರಿಗೆ ಕಟ್ಟಿಬಿದ್ದ ರೋಗಿ ಎದ್ದು ಓಡಲಾರ. ಹಾಸಿಗೆ ಸಮೇತ ತಳ್ಳಿಕೊಂಡು ಹೋಗುವಷ್ಟು ಅಗಲದ ಎರಡನೆಯ ಬಾಗಿಲು ನಕ್ಷೆಯಲ್ಲಿ ಇಲ್ಲದಿದ್ದರೆ ಅಗ್ನಿಶಾಮಕದ ಪ್ರಮಾಣಪತ್ರ ಬರೀ ಕಾಗದ.

ಒಳವಿನ್ಯಾಸದ ಬಗ್ಗೆ ಹೇಳಬೇಕಾದದ್ದು ಕಡಿಮೆ. ನರ್ಸ್ ಕೂತ ಜಾಗದಿಂದ ಪ್ರತಿ ರೋಗಿಯ ಮುಖ ಕಾಣಬೇಕು, ಕೈ ತೊಳೆಯುವ ಸಿಂಕ್ ನಡೆದು ಹೋಗುವ ದಾರಿಯಲ್ಲಿಯೇ ಇರಬೇಕು, ಹಾಸಿಗೆಯ ತಲೆಯ ಕಡೆಗೂ ಒಬ್ಬರು ನಿಲ್ಲುವಷ್ಟು ಜಾಗ ಬೇಕು. ಉಸಿರಾಟದ ಕೊಳವೆ ಹಾಕುವವರು ನಿಲ್ಲುವುದು ಅಲ್ಲಿಯೇ.

ಇನ್ನು ಜನ. ವೆಂಟಿಲೇಟರಿನ ರೋಗಿಗೆ ಒಬ್ಬರು, ಉಳಿದವರಿಗೆ ಇಬ್ಬರಿಗೊಬ್ಬರು ನರ್ಸ್ ಎಂದು ಹಿಡಿದರೆ ನಮ್ಮ ಹತ್ತು ಹಾಸಿಗೆಯ ಘಟಕಕ್ಕೆ ಒಂದು ಪಾಳಿಗೆ ಎಂಟು, ಮೂರು ಪಾಳಿಗೆ ಇಪ್ಪತ್ತನಾಲ್ಕು. ವಾರದ ರಜೆ, ಹೆರಿಗೆ ರಜೆ, ಕಾಯಿಲೆ ಸೇರಿಸಿದರೆ ಮೂವತ್ತು ದಾಟುತ್ತದೆ. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರ್‌ಗಳಿಗೆ 2000 ಕೋಟಿ ರೂಪಾಯಿ ಘೋಷಣೆಯಾಯಿತು. ಬಂದ ಯಂತ್ರಗಳಲ್ಲಿ ಕೆಲವು ನಡೆಸುವವರಿಲ್ಲದೆ ಪೆಟ್ಟಿಗೆಯಲ್ಲೇ ಉಳಿದ ಸುದ್ದಿ ಹಲವು ರಾಜ್ಯಗಳಿಂದ ಬಂತು. ಕೋಪನ್‌ಹೇಗನ್ನಿನಲ್ಲಿ ಜನರಿದ್ದರು, ಯಂತ್ರ ಸಾಲುತ್ತಿರಲಿಲ್ಲ, ಇಲ್ಲಿ ತಿರುವುಮುರುವು. 2021ರ ನಂತರ ಜಿಲ್ಲೆಗಳಿಗೆ 50 ಮತ್ತು 100 ಹಾಸಿಗೆಗಳ ಕ್ರಿಟಿಕಲ್ ಕೇರ್ ಬ್ಲಾಕ್‌ಗಳು ಮಂಜೂರಾಗುತ್ತಿವೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳ ಹತ್ತು ಹಾಸಿಗೆಯ ಐಸಿಯುಗಳನ್ನು ದೂರದ ತಜ್ಞರಿಗೆ ಪರದೆಯ ಮೂಲಕ ಜೋಡಿಸುವ ಪ್ರಯತ್ನವೂ ನಡೆದಿದೆ. ಪರದೆಯಲ್ಲಿರುವ ತಜ್ಞ ಸಲಹೆ ಕೊಡಬಲ್ಲ. ಕಫ ತೆಗೆಯಲು, ರೋಗಿಯನ್ನು ಮಗ್ಗುಲು ಬದಲಿಸಲು, ಅಲಾರಂ ಹೊಡೆದಾಗ ಓಡಿಬರಲು ಸ್ಥಳದಲ್ಲಿ ಜನ ಬೇಕು. ಆದ್ದರಿಂದ ನರ್ಸ್‌ಗಳ ಮತ್ತು ಒಬ್ಬ ಬಯೋಮೆಡಿಕಲ್ ಎಂಜಿನಿಯರನ ಹುದ್ದೆ ಮಂಜೂರಾತಿಯ ಆದೇಶ ಲಗತ್ತಾಗಿರದ ಯಾವ ಐಸಿಯು ಕಡತದಲ್ಲಿಯೂ ಉಪಕರಣ ಖರೀದಿಗೆ ಹಣ ಬಿಡುಗಡೆಯಾಗಬಾರದು.