ಬಂಡಿಯ ಮನೆ, ತೋಪಿನ ನೆರಳು

ಫ್ರಾನ್ಸ್ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಕಳೆದ ಬೇಸಗೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಆ ದೇಶದ ಪಡುವಣ ಕಡಲ ತೀರವನ್ನು ಸುತ್ತಿ ಬಂದ. ಸುತ್ತಿದ್ದು ರೈಲಿನಲ್ಲಲ್ಲ, ತಂಗಿದ್ದು ಹೋಟೆಲಿನಲ್ಲಲ್ಲ. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಮೋಟಾರು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಬೇಕಾದಲ್ಲಿ ನಿಲ್ಲಿಸಿ, ಬೇಕಾದಾಗ ಹೊರಟು, ಮೂರು ವಾರ ಕಳೆದನಂತೆ. ಕಡಲು ಇಳಿದಾಗ ಮರಳುಗಾಡಿನ ನಡುವೆಯೂ ಏರಿದಾಗ ನೀರಿನ ನಡುವೆಯೂ ನಿಲ್ಲುವ ಮಾಂ-ಸಾಂ-ಮಿಶೆಲ್ ಎಂಬ ಗುಡ್ಡದ ಮಠವನ್ನು ಕಂಡನಂತೆ. ದಕ್ಷಿಣಕ್ಕೆ ಬರುತ್ತ ಬರುತ್ತ ನೂರು ಮೀಟರಿಗೂ ಎತ್ತರವಾದ ಪಿಲಾ ಎಂಬ ಮರಳದಿಬ್ಬವನ್ನು ಮಕ್ಕಳೊಡನೆ ಹತ್ತಿದನಂತೆ. ಇದೆಲ್ಲಕ್ಕಿಂತ ಹೆಚ್ಚಾಗಿ ಅವನ ಮನಸ್ಸು ಹಿಡಿದದ್ದು ಬೇರೊಂದು ಏರ್ಪಾಡು. ಅಲ್ಲಿಯ ಎಷ್ಟೋ ಊರುಗಳ ಪುರಸಭೆಗಳು ಇಂಥ ಬಂಡಿಗಳಿಗೆಂದೇ ಒಂದು ತಾಣವನ್ನು ಕಾದಿರಿಸಿವೆ. ಅಲ್ಲಿ ನೀರು ತುಂಬಿಕೊಳ್ಳಬಹುದು, ಕೊಳಕು ನೀರನ್ನು ಹೊರಹಾಕಬಹುದು, ರಾತ್ರಿ ನಿಶ್ಚಿಂತೆಯಾಗಿ ಮಲಗಬಹುದು. ಕಡಲ ದಂಡೆಯ ಮೇಲೆಯೇ ಬಿಡಾರ ಹೂಡಲು ಕಾನೂನಿನ ಅಡ್ಡಿಯುಂಟು. ಆದರೆ ಊರಿನ ತಾಣಕ್ಕೆ ಅಡ್ಡಿಯಿಲ್ಲ.

"ನಮ್ಮಲ್ಲಿ ಇಂಥದು ಯಾವ ಕಾಲಕ್ಕೆ ಬಂದೀತು, ಮಾವ?" ಎಂದು ಊರಿಗೆ ಬಂದಾಗ ಕೇಳಿದ.

"ಬರುವುದೇನು ಬಂತು, ಬಂದು ಹೋಗಿದೆ" ಎಂದೆ. ಅವನು ನಕ್ಕ. ಮುದುಕರು ವಿಮಾನವನ್ನೂ ಪುಷ್ಪಕದಲ್ಲಿ ಕಂಡವರು ಎಂಬ ನಗೆ ಅದು. ಆ ನಗೆಗೆ ಉತ್ತರ ಕೊಡಬೇಕೆಂದು ಹೊರಟದ್ದರ ಫಲ ಈ ಬರಹ.

೧೯೫೮ನೆಯ ಇಸವಿಯ ಚೈತ್ರಮಾಸ. ನನಗೆ ಆಗ ಎಂಟು ವರ್ಷ. ಚಿಂತಾಮಣಿಯ ಹತ್ತಿರದ ನಮ್ಮ ಹಳ್ಳಿಯಿಂದ ಗೌರಿಬಿದನೂರಿನ ಆಚೆ ಇರುವ ವಿದುರಾಶ್ವತ್ಥದ ಜಾತ್ರೆಗೆ ತಾತ ಗಾಡಿ ಕಟ್ಟಿಸಿದರು. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದವರೆಗೆ ರೈಲಿತ್ತು. ಹಳಿಯ ಅಗಲ ಎರಡೂವರೆ ಅಡಿ. ವೇಗ ಎಷ್ಟೆಂದರೆ, ಏರಿನಲ್ಲಿ ಹುಡುಗರು ಇಳಿದು ಸೀತಾಫಲ ಕಿತ್ತು ಮತ್ತೆ ಹತ್ತುತ್ತಿದ್ದರೆಂದು ಪ್ರತೀತಿ. ಆದರೂ ನಾವು ರೈಲು ಹತ್ತಲಿಲ್ಲ. ಕಾರಣವಿಷ್ಟೆ: ನಮ್ಮ ಜೊತೆಗೆ ಒಂದು ಕಲ್ಲು ಬರಬೇಕಾಗಿತ್ತು. ಚಿಕ್ಕಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತೇವೆಂದು ಅಜ್ಜಿ ಹರಕೆ ಹೊತ್ತಿದ್ದರು. ಕಲ್ಲನ್ನು ಕಡೆಸಿ, ಬಾವಿಯ ನೀರಿನಲ್ಲಿ ಮುಳುಗಿಸಿಟ್ಟು, ಹುಲ್ಲಿನ ಮೆತ್ತೆಯ ಮೇಲೆ ಮಗುವಿನಂತೆ ಮಲಗಿಸಿ ಗಾಡಿಗೆ ಏರಿಸಿದರು.

ಕಮಾನು ಗಾಡಿ ಎಂದರೆ ಈಗಿನ ಮಕ್ಕಳಿಗೆ ಚಿತ್ರ ತೋರಿಸಿ ಹೇಳಬೇಕು. ಬಿದಿರು ದಬ್ಬೆಗಳನ್ನು ಬಾಗಿಸಿ ಚಾಪೆ ಹೊದಿಸಿದ ಮಾಡು; ಒಳಗೆ ಒಂದು ಮೊಳ ಹುಲ್ಲು, ಅದರ ಮೇಲೆ ಜಮಖಾನ. ಗಾಡಿಯ ಅಡಿಯಲ್ಲಿ ಒಂದು ಕಡೆ ಲಾಂದ್ರ, ಇನ್ನೊಂದು ಕಡೆ ಕೀಲೆಣ್ಣೆಯ ಕೊಳವೆ. ಹಿಂದೆ ತಾಮ್ರದ ಕೊಡ, ಸೌದೆಯ ಕಟ್ಟು, ಎತ್ತುಗಳಿಗೆ ಹುರುಳಿಯ ಚೀಲ. ಹುಳಿಯನ್ನ ಮೊದಲ ದಿನಕ್ಕೆ, ಹುರಿಹಿಟ್ಟು ಕಡೆಯ ದಿನಕ್ಕೆ. ಅಳಿಯನ ಮೋಟಾರು ಮನೆಯಲ್ಲಿದ್ದುದರಲ್ಲಿ ಬಚ್ಚಲೊಂದನ್ನು ಬಿಟ್ಟರೆ ನಮ್ಮಲ್ಲಿ ಇಲ್ಲದ್ದು ಯಾವುದೂ ಇರಲಿಲ್ಲ.

ಚೈತ್ರದ ಬಿಸಿಲಲ್ಲಿ ಎತ್ತು ನಡೆಯವು. ಆದುದರಿಂದ ಪ್ರಯಾಣ ರಾತ್ರಿ, ಬಿಡಾರ ಹಗಲು. ೮೦–೯೦ ಕಿಲೋಮೀಟರು ದಾರಿಗೆ ನಮಗೆ ಹಿಡಿದದ್ದು ಮೂರು ರಾತ್ರಿ, ತಂಗಿದ್ದು ಮೂರು ಗುಂಡುತೋಪು. ಊರ ಹೊರಗೆ, ದಾರಿಯ ಮಗ್ಗುಲಲ್ಲಿ, ಕೆರೆಗೋ ಬಾವಿಗೋ ಹತ್ತಿರವಾಗಿ, ಹುಣಿಸೆ, ಮಾವು, ಹೊಂಗೆ, ಬೇವು ನೆಟ್ಟು ಬೆಳೆಸಿದ ಊರೊಟ್ಟಿನ ಮರಗಳ ಗುಂಪೇ ಗುಂಡುತೋಪು. ಅದು ಯಾರೊಬ್ಬರದೂ ಅಲ್ಲ. ಹುಣಿಸೆಯ ಫಸಲು ಹರಾಜಾಗಿ ಊರಿನ ಖರ್ಚಿಗೆ ಬರುತ್ತಿತ್ತು, ನೆರಳು ಹರಾಜಾಗುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಗಾಡಿ ತೋಪಿಗೆ ಇಳಿಯುತ್ತಿದ್ದಂತೆ ಕೊರಳು ಬಿಚ್ಚಿ, ಮೂಕಿಯನ್ನು ಊರುಗೋಲಿಗೆ ಆನಿಸಿ, ಹೆಂಗಸರು ಮೂರು ಕಲ್ಲು ಹುಡುಕಲು ಹೋಗುತ್ತಿದ್ದರು. ಹುಡುಕುವುದೇನು, ಹಿಂದಿನವರು ಹೂಡಿದ ಒಲೆ ಮಸಿಯೊಡನೆ ಹಾಗೆಯೇ ಇರುತ್ತಿತ್ತು. ನಾವೂ ಹೊರಡುವಾಗ ಹಾಗೆಯೇ ಬಿಟ್ಟು ಬಂದೆವು. ಊರವರು ಯಾರೋ ಬಂದು "ಯಾವೂರು? ಎಲ್ಲಿಗೆ ಪಯಣ?" ಎಂದು ಕನ್ನಡದಲ್ಲಿ ಕೇಳಿ, ತಾತನ ಮಾತಿನ ಧಾಟಿ ಕಂಡು ತೆಲುಗಿಗೆ ತಿರುಗಿ, ಮಜ್ಜಿಗೆ ಕಳಿಸುತ್ತಿದ್ದರು. ನಮ್ಮ ಸೀಮೆಯ ರೂಢಿ ಅದು: ಎರಡು ಭಾಷೆ, ಒಂದೇ ಮಜ್ಜಿಗೆ.

ಇದನ್ನು ನಾನು ಹಳೆಯದೆಲ್ಲ ಹೊನ್ನು ಎಂಬ ಹಟದಿಂದ ಹೇಳುತ್ತಿಲ್ಲ. ಎಲ್ಲರಿಗೂ ಆ ನೆರಳು ಒಂದೇ ಆಗಿತ್ತೆಂದರೆ ಸುಳ್ಳಾಗುತ್ತದೆ. ನಮ್ಮ ಗಾಡಿ ಹೊಡೆದ ಆಳು ಬಾವಿಗೆ ಇಳಿಯಲಿಲ್ಲ; ನಾವು ಸೇದಿ ಎತ್ತರದಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದ. ಎಂಟು ವರ್ಷದ ನನಗೆ ಅದು ವಿಶೇಷವೆಂದು ಕಾಣಲಿಲ್ಲ. ಈಗ ಕಾಣುತ್ತದೆ.

ಮನೆಯನ್ನು ಹೊತ್ತು ಈ ದಾರಿಯಲ್ಲಿ ನಡೆದವರು ನಮಗಿಂತ ಮೊದಲೂ ಹಲವರಿದ್ದರು. ೧೭೯೧ರ ಅಕ್ಟೋಬರಿನಲ್ಲಿ ಕಾರ್ನ್‌ವಾಲೀಸನ ಸೈನ್ಯ ನಂದಿದುರ್ಗವನ್ನು ಹಿಡಿದ ಕತೆಯನ್ನು ಶಾಲೆಯಲ್ಲಿ ಓದಿದ್ದೇವೆ. ಆ ಯುದ್ಧದ ಸೈನ್ಯಗಳಿಗೆ ಧಾನ್ಯ ತಂದು ಮುಟ್ಟಿಸಿದ ಲಂಬಾಣಿಗರನ್ನು ಓದಿದ್ದು ಕಡಮೆ. ಸಾವಿರಾರು ಎತ್ತುಗಳ ಮೇಲೆ ಹೇರು, ಹೇರಿನ ಮೇಲೆ ಮಕ್ಕಳು, ಇಳಿದಲ್ಲಿ ತಾಂಡ. ಅವರಿಗೆ ದಾರಿಯೇ ಊರು. ವಿನೋದಕ್ಕಾಗಿ ಚಲಿಸುವ ಮನೆ ಬೇರೆ, ಬದುಕಿಗಾಗಿ ಚಲಿಸುವ ಮನೆ ಬೇರೆ ಎಂಬುದನ್ನು ಮರೆಯಬಾರದು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಏಪ್ರಿಲ್ ತಿಂಗಳಲ್ಲಿ ಮದರಾಸನ್ನು ಬಿಟ್ಟು ಹೊರಟ. ಡೇರೆ, ಪುಸ್ತಕ, ಆಳುಕಾಳು ಸಹಿತವಾಗಿ ಆತ ನಡೆಸಿದ್ದು ಒಂದು ವರ್ಷಕ್ಕೂ ಮೀರಿದ ಸಂಸಾರ. ಕೋಲಾರದಿಂದ ಶಿಡ್ಲಘಟ್ಟ, ಅಲ್ಲಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ದೊಡ್ಡಬಳ್ಳಾಪುರ ಎಂದು ಅವನ ದಾರಿ ನಮ್ಮ ದಾರಿಯ ಮೇಲೆಯೇ ಬರುತ್ತದೆ. ಇಳಿದಲ್ಲೆಲ್ಲ ರೈತರನ್ನು ಕೂಡಿಸಿ ಬೀಜವೆಷ್ಟು, ಬೆಳೆಯೆಷ್ಟು, ಕೂಲಿಯೆಷ್ಟು ಎಂದು ಕೇಳುವುದೇ ಅವನ ಕೆಲಸ. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆಗೆ ಒಳ್ಳೆಯ ಮಾತು ದೊರೆತಿದೆ. ಚೀನದ ಸಕ್ಕರೆಗೆ ಅದು ಸಮ ಎಂದಿದ್ದಾನೆ. ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಗುಟ್ಟಾಗಿ ಇರಿಸಿದ್ದ ವಿದ್ಯೆಯನ್ನು ಇಬ್ಬರು ಬ್ರಾಹ್ಮಣರು ಹೇಗೋ ತಿಳಿದುಕೊಂಡು ಇಲ್ಲಿ ಕಸುಬು ನಡೆಸಿದ್ದರಂತೆ. ಮನೆಯನ್ನು ಜೊತೆಗೆ ಕರೆದುಕೊಂಡು ಹೋಗುವವನಿಗೆ ಒಂದು ಸೌಕರ್ಯವುಂಟು: ಅವಸರವಿಲ್ಲ. ಅವಸರವಿಲ್ಲದವನಿಗೆ ಇಂಥ ಸಂಗತಿ ಕಿವಿಗೆ ಬೀಳುತ್ತದೆ.

ಕೇವಲ ಸಂತೋಷಕ್ಕೆಂದು ಮನೆಗೆ ಚಕ್ರ ಹಾಕಿಸಿಕೊಂಡವರಲ್ಲಿ ಮೊದಲಿಗನೆಂದು ಇಂಗ್ಲೆಂಡಿನವರು ಹೇಳುವುದು ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯನನ್ನು. ೧೮೮೫ರಲ್ಲಿ ಎರಡು ಕುದುರೆ ಹೂಡಿ ಸ್ಕಾಟ್ಲೆಂಡಿನವರೆಗೆ ಹೋದ. ಇವನೂ ವೈದ್ಯನೇ, ಸ್ಕಾಟ್ಲೆಂಡಿನವನೇ! ಫ್ರಾನ್ಸಿನಲ್ಲಾದರೆ ಕೂಲಿಕಾರರು ಕಡಲ ಮುಖ ಕಂಡದ್ದು ಇನ್ನೂ ತಡವಾಗಿ. ೧೯೩೬ರಲ್ಲಿ ಲೆಯೊ ಬ್ಲೂಮರ ಸರ್ಕಾರ ಎರಡು ವಾರಗಳ ಸಂಬಳಸಹಿತ ರಜೆಯನ್ನು ಶಾಸನ ಮಾಡಿದ ಮೇಲೆ ಬೈಸಿಕಲ್ಲು, ಡೇರೆಗಳೊಡನೆ ಅವರು ತೀರಕ್ಕೆ ಹೊರಟರು.

ನಮ್ಮವರಿಗೆ ರಜೆಯ ಶಾಸನವಿರಲಿಲ್ಲ, ಜಾತ್ರೆಯಿತ್ತು. ನಂದಿಯ ಭೋಗನಂದೀಶ್ವರನ ಶಿವರಾತ್ರಿ ಜಾತ್ರೆಯ ದನಗಳ ಪರಿಷೆಗೆ ಹಳ್ಳಿಕಾರ್ ಹೋರಿಗಳನ್ನು ಹಿಡಿದುಕೊಂಡು ದೂರದೂರದಿಂದ ಬಂದವರು ಗಾಡಿಯ ಕೆಳಗೆ ಮಲಗಿ ದಿನಗಟ್ಟಲೆ ಕಳೆಯುತ್ತಿದ್ದರು. ಸಾವಿರದ ಇನ್ನೂರು ವರ್ಷಗಳಿಂದ ಪೂಜೆಗೊಳ್ಳುತ್ತಿರುವ ಆ ದೇವಾಲಯದ ಶೃಂಗಿತೀರ್ಥವನ್ನು ಕಂಡವರು ಕಲ್ಲಿನ ಕೆಲಸಕ್ಕೆ ತಲೆದೂಗುತ್ತಾರೆ. ನಾನು ತಲೆದೂಗುವುದು, ಬಂದವರಿಗೆ ನೀರು ಬೇಕೆಂದು ಮೊದಲೇ ಎಣಿಸಿದ ಬುದ್ಧಿಗೆ.

ಕಡಲಿಲ್ಲದ ಸೀಮೆ ನಮ್ಮದು. ನಮಗಿದ್ದ ತೀರವೆಂದರೆ ಕೆರೆಯ ಅಂಗಳ, ಇಲ್ಲವೆ ಉತ್ತರ ಪಿನಾಕಿನಿಯ ಮರಳು. ವಿದುರಾಶ್ವತ್ಥ ಆ ಹೊಳೆಯ ದಂಡೆಯಲ್ಲಿದೆ. ೧೯೩೮ರ ಏಪ್ರಿಲ್ ೨೫ರಂದು ಅಲ್ಲಿ ನಡೆದುದನ್ನು ತಾತ ನಮಗೆ ಮರಳಿನ ಮೇಲೆ ಕೂರಿಸಿ ಹೇಳಿದರು. ಅದೇ ತಿಂಗಳು ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಬಾವುಟ ಹಾರಿಸುವುದಕ್ಕೂ ಸಭೆ ಸೇರುವುದಕ್ಕೂ ಸರ್ಕಾರ ನಿಷೇಧ ಹಾಕಬಲ್ಲದು. ಜಾತ್ರೆಗೆಂದು ಗಾಡಿ ಬಿಚ್ಚಿ ಕುಳಿತ ಜನವನ್ನು ಏನೆಂದು ಎಬ್ಬಿಸೀತು? ಹೀಗೆ ಸೇರಿದ್ದ ಜನದ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ೧೦. ಜನರ ಲೆಕ್ಕ ೩೦ನ್ನು ದಾಟುತ್ತದೆ. ಗಾಂಧೀಜಿಯವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು, ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸ್ವಾತಂತ್ರ್ಯದ ಕತೆಯಲ್ಲಿ ನಾಯಕರ ಹೆಸರಿದೆ. ಒಲೆಯ ಮೇಲೆ ಇಟ್ಟ ಅನ್ನವನ್ನು ಬಿಟ್ಟು ಓಡಿದವರ ಹೆಸರಿಲ್ಲ.

ಇಷ್ಟನ್ನೂ ಬಾಯಲ್ಲಿ ಹೇಳಿದರೆ ಅಳಿಯ ನಂಬಿಯಾನೆ? ಕಳೆದ ಪುಷ್ಯದಲ್ಲಿ ಒಂದು ವ್ಯಾನನ್ನು ಗೊತ್ತುಮಾಡಿ, ಹಿಂದಿನ ಸೀಟು ಕಳಚಿಸಿ, ಹಾಸಿಗೆ ಹಾಕಿಸಿ, ಇಬ್ಬರೂ ಅದೇ ದಾರಿ ಹಿಡಿದೆವು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರದ ಭರಾಟೆ ನೋಡಿದೆವು. ಪುಟ್ಟ ರೈಲು ಹೋಗಿ ೨೦೧೩ರಲ್ಲಿ ಬಂದ ಅಗಲ ಹಳಿಯನ್ನು ದಾಟಿದೆವು. ಮೊದಲ ತೋಪು ಇದ್ದ ಕಡೆ ಮನೆಗಳೆದ್ದಿವೆ. ಎರಡನೆಯದನ್ನು ರಸ್ತೆಯ ಅಗಲೀಕರಣ ನುಂಗಿದೆ. ಕೆರೆಗಳು ಮಾತ್ರ ಒಂದೆರಡು ಕಡೆ ತುಂಬಿ ಹೊಳೆಯುತ್ತಿದ್ದವು. ಅಳಿಯ ಹಿಗ್ಗಿದ. ಅದು ಬೆಂಗಳೂರಿನ ಚರಂಡಿಯ ನೀರು, ಎರಡು ಹಂತ ಶುದ್ಧಿ ಮಾಡಿ ಕೊಳವೆಯಲ್ಲಿ ಹಾಯಿಸಿದ್ದು, ಮೂರನೆಯ ಹಂತಕ್ಕಾಗಿ ರೈತರು ಕೇಳುತ್ತಲೇ ಇದ್ದಾರೆ ಎಂದು ನಾನು ಹೇಳಬೇಕಾಯಿತು. ಕುಡಿಯುವ ನೀರನ್ನು ಅಂಗಡಿಯಲ್ಲಿ ಕೊಂಡೆವು.

ಮೂರನೆಯ ತೋಪು ಮಂಚೇನಹಳ್ಳಿಯ ಕಡೆಯದು. ಅಲ್ಲಿ ನಾಲ್ಕು ಹುಣಿಸೆಮರ ಉಳಿದಿವೆ. ಸುತ್ತಲೂ ತಗಡಿನ ಕೊಟ್ಟಿಗೆ, ಜಲ್ಲಿಯ ರಾಶಿ, ಒಂದು ತಂತಿಬೇಲಿ. ಪಹಣಿ ತೆಗೆಸಿ ನೋಡಿದರೆ ಇವತ್ತಿಗೂ "ಗುಂಡುತೋಪು" ಎಂದೇ ಇದೆ, ವಿಸ್ತೀರ್ಣ ಎರಡು ಎಕರೆಯ ಮೇಲೆ. ಕಾಗದದಲ್ಲಿ ಇಡೀ ತೋಪು, ನೆಲದಲ್ಲಿ ನಾಲ್ಕು ಮರ. ವ್ಯಾನನ್ನು ನಿಲ್ಲಿಸಿದ ಹತ್ತು ನಿಮಿಷಕ್ಕೆ ಒಬ್ಬರು ಬಂದು ಇಲ್ಲಿ ನಿಲ್ಲಿಸಬಾರದೆಂದರು. ಯಾರ ಜಾಗ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ರಾತ್ರಿ ವಿದುರಾಶ್ವತ್ಥದಲ್ಲಿ ವ್ಯಾನಿನಲ್ಲೇ ಮಲಗಿದೆವು. ಹಳೆಯ ಅಶ್ವತ್ಥ ೨೦೦೧ರಲ್ಲಿ ಉರುಳಿತು. ನಾಗರಕಲ್ಲುಗಳು ಸಾವಿರಾರು ಇವೆ, ಒಂದರ ಬೆನ್ನಿಗೆ ಒಂದು. ಬೆಳಗ್ಗೆ ಇಬ್ಬರೂ ನಮ್ಮ ಕಲ್ಲನ್ನು ಹುಡುಕಿದೆವು. ಸಿಕ್ಕಲಿಲ್ಲ. ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಜಾತ್ರೆಯಿಂದ ಬಂದ ಮೇಲೆ ನನ್ನ ಅಕ್ಕನನ್ನು ತನ್ನಲ್ಲಿ ಇಟ್ಟುಕೊಂಡು ಸಾಕಿದವಳು ಆಕೆಯೇ. ಆ ಅಕ್ಕನ ಮಗನೇ ಈ ಅಳಿಯ. ಅವನಿಗೆ ಇದು ಗೊತ್ತಿತ್ತು; ಕಲ್ಲಿನ ಸಂಗತಿ ಗೊತ್ತಿರಲಿಲ್ಲ. ಬಿಸಿಲೇರುವವರೆಗೂ ಅವನು ಒಂದೊಂದೇ ಕಲ್ಲಿನ ಮುಂದೆ ಬಾಗಿ ನೋಡುತ್ತಿದ್ದ.

ತೋಪಿನ ಅಳತೆ ಮಾಡಿಸಿ ಗಡಿಕಲ್ಲು ನೆಡಿಸಬೇಕೆಂದು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ಐದು ತಿಂಗಳಾಯಿತು. ಮೋಜಣಿಯವರು ಎರಡು ಸಲ ಬರುತ್ತೇನೆಂದು ಹೇಳಿ ಬಂದಿಲ್ಲ. ಭಾನುವಾರ ಫೋನು ಮಾಡಿದಾಗ ಅಳಿಯ ನನ್ನ ಮಂಡಿನೋವನ್ನು ಕೇಳುವ ಮೊದಲು "ಅಳತೆ ಆಯಿತೆ, ಮಾವ?" ಎಂದು ಕೇಳುತ್ತಾನೆ. ಮುಂದಿನ ಚೈತ್ರಕ್ಕೆ ಮಕ್ಕಳನ್ನೂ ಕರೆತರುತ್ತಾನಂತೆ. ಅದೇ ವ್ಯಾನಿಗೆ ಈಗಲೇ ಹೇಳಿಡು ಎಂದಿದ್ದಾನೆ. ಹೇಳಿಟ್ಟಿದ್ದೇನೆ. ನಾಲ್ಕರಲ್ಲಿ ತೆಂಕಣ ಮೂಲೆಯ ಮರ ದೊಡ್ಡದು. ಅದರ ಕೆಳಗೆ ಒಂದು ವ್ಯಾನು ಹಿಡಿಸುತ್ತದೆ.