ಪಿಸ್ತೂಲಿನ ಹಿಡಿ

ಆಯುಧಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವುಗಳ ಅಲಗನ್ನೋ ನಳಿಗೆಯನ್ನೋ ವರ್ಣಿಸಿ ತೃಪ್ತರಾಗಿರುವರು. ಹಿಡಿಯ ವಿಚಾರವು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದು. ಸಂಸ್ಕೃತದ ಧನುರ್ವೇದಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರಾಗಿದ್ದರು. ಹೆದೆಯನ್ನು ಸೆಳೆಯುವ ಮುಷ್ಟಿಯೊಂದನ್ನೇ ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ ಎಂದು ಐದು ಬಗೆಯಾಗಿ ವಿಂಗಡಿಸಿರುವುದನ್ನು ನೋಡಿದರೆ, ಆಯುಧಕ್ಕೂ ಶರೀರಕ್ಕೂ ಸಂಧಿಯಾಗುವ ಸ್ಥಾನವೇ ಮುಖ್ಯವೆಂಬುದನ್ನು ಅವರು ಅರಿತಿದ್ದರೆಂದು ವಿದಿತವಾಗುವುದು. ಪಿಸ್ತೂಲಿನ ಚರಿತ್ರೆಯನ್ನೂ ಇದೇ ದೃಷ್ಟಿಯಿಂದ ನೋಡುವುದು ಯುಕ್ತವಾಗಿದೆ.

ಪಿಸ್ತೂಲನ್ನು ಬಲ್ಲವರಲ್ಲಿ ಒಂದು ಮಾತು ರೂಢಿಯಲ್ಲಿದೆ: ಇಂಥದು ಕೈಗೆ ಸಹಜವಾಗಿ ಒಗ್ಗುತ್ತದೆ, ಇಂಥದು ಒಗ್ಗುವುದಿಲ್ಲ ಎಂದು. ಅದಕ್ಕೆ ಅವರು ಒಂದು ಪರೀಕ್ಷೆಯನ್ನೂ ಹೇಳುವರು. ಕಣ್ಣು ಮುಚ್ಚಿ, ಗುರಿಯ ಕಡೆಗೆ ತೋಳನ್ನೆತ್ತಿ, ಬಳಿಕ ಕಣ್ಣು ತೆರೆದಾಗ ನಳಿಗೆಯು ಗುರಿಗೆ ನೇರವಾಗಿದ್ದರೆ ಅದು ಒಗ್ಗಿದ ಪಿಸ್ತೂಲು. ಈ ಸಹಜತೆಯು ಕೈಯ ರಚನೆಯಿಂದ ಬಂದುದೆ, ಅಥವಾ ಅಭ್ಯಾಸದಿಂದ ಬಂದುದೆ ಎಂಬುದೇ ಪ್ರಕೃತ ವಿಚಾರಣೀಯ ವಿಷಯ. ಕೈಯ ರಚನೆಗೆ ಇದರಲ್ಲಿ ಪಾಲುಂಟು. ಕೋಲೊಂದನ್ನು ಮುಷ್ಟಿಯಲ್ಲಿ ಹಿಡಿದು ತೋಳನ್ನು ಮುಂಚಾಚಿದರೆ ಆ ಕೋಲು ಮುಂಗೈಗೆ ಲಂಬವಾಗಿ ನಿಲ್ಲದೆ ತುದಿಯಲ್ಲಿ ಕೊಂಚ ಮುಂದಕ್ಕೆ ಬಾಗುವುದು. ಆದುದರಿಂದ ಹಿಡಿಯು ನಳಿಗೆಗೆ ಓರೆಯಾಗಿರತಕ್ಕದ್ದು. ಆದರೆ ಎಷ್ಟು ಓರೆ ಎಂಬಲ್ಲಿಗೆ ಬಂದಾಗ ಕೈಯು ಒಂದೇ ಉತ್ತರವನ್ನು ಕೊಡುವುದಿಲ್ಲ.

೧೬ನೆಯ ಶತಮಾನದ ಯೂರೋಪಿನಲ್ಲಿ ಪಿಸ್ತೂಲು ಕುದುರೆಯ ಸವಾರನ ಆಯುಧವಾಗಿ ಬೆಳೆಯಿತು. ಉರಿಯುವ ಬತ್ತಿಯ ಕೋವಿಯನ್ನು ಕುದುರೆಯ ಮೇಲೆ ನಿರ್ವಹಿಸುವುದು ಕಷ್ಟ. ತಿರುಗುವ ಚಕ್ರದಿಂದ ಕಿಡಿ ಹಾರಿಸುವ ಕೀಲು ಬಂದ ಮೇಲೆ ಒಂದು ಕೈಯಲ್ಲಿ ಲಗಾಮು, ಮತ್ತೊಂದರಲ್ಲಿ ಪಿಸ್ತೂಲು ಸಾಧ್ಯವಾಯಿತು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಪಿಸ್ತೂಲುಗಳ ಹಿಡಿಯ ತುದಿಯಲ್ಲಿ ಕಾಣುವ ದೊಡ್ಡ ಗೋಳವನ್ನು ಗದೆಯಂತೆ ಹೊಡೆಯುವುದಕ್ಕೆಂದು ಕೆಲವರು ಊಹಿಸಿರುವರು. ಜೀನಿನ ಒರೆಯಿಂದ ಆಯುಧವನ್ನು ಥಟ್ಟನೆ ಹಿಡಿದೆಳೆಯುವುದಕ್ಕೆ ಅದು ಆಧಾರವಾಗಿತ್ತೆಂಬುದೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಆ ಕಾಲದ ಸುಖವು ಗುರಿಯಿಡುವುದರಲ್ಲಿರದೆ ಸೆಳೆಯುವುದರಲ್ಲಿತ್ತು.

೧೮ನೆಯ ಶತಮಾನದ ಅಂತ್ಯಭಾಗದಲ್ಲಿ ಲಂಡನ್ನಿನ ಕಮ್ಮಾರರು ದ್ವಂದ್ವಯುದ್ಧದ ಪಿಸ್ತೂಲುಗಳನ್ನು ಮಾಡತೊಡಗಿದಾಗ ಹಿಡಿಯ ವಿಚಾರವು ಪ್ರಾಣದ ವಿಚಾರವೇ ಆಯಿತು. ಬಹುಕಾಲ ಗುರಿಯಿಡುತ್ತ ನಿಲ್ಲುವುದು ಸಭ್ಯತೆಗೆ ಕುಂದೆಂದು ಎಣಿಸುತ್ತಿದ್ದುದರಿಂದ, ತೋಳನ್ನೆತ್ತಿದೊಡನೆ ನಳಿಗೆಯು ತಾನಾಗಿ ಎದುರಾಳಿಯ ಕಡೆಗೆ ತಿರುಗಬೇಕಾಗಿತ್ತು. ವೊಗ್ಡನ್, ಮ್ಯಾಂಟನ್ ಮೊದಲಾದವರ ಕೀರ್ತಿಯು ಇದರ ಮೇಲೆಯೇ ನಿಂತಿದೆ. ೧೮೦೪ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನು ಉಪಾಧ್ಯಕ್ಷನಾದ ಆರನ್ ಬರ್‌ನ ಗುಂಡಿಗೆ ಬಲಿಯಾದುದು ವೊಗ್ಡನ್ ಮತ್ತು ಬಾರ್ಟನ್ನರ ಜೋಡಿ ಪಿಸ್ತೂಲುಗಳ ಕಾಳಗದಲ್ಲಿ. ಮುಂದೆ ಹೆಬ್ಬೆರಳು ತೋರುಬೆರಳುಗಳ ಸಂದಿನ ಮೇಲೆ ಚಾಚಿಕೊಂಡಿರುವ ಕೊಂಬುಳ್ಳ, ಗರಗಸದ ಹಿಡಿಯನ್ನು ಹೋಲುವ ಬಗೆಯೊಂದು ಹುಟ್ಟಿತು. ಕೈಯನ್ನು ಒಂದೇ ಸ್ಥಾನದಲ್ಲಿ ಕಟ್ಟಿಹಾಕುವುದೇ ಅದರ ಗುಣ.

ಜೋಡಿಯ ಮಾತಿನಲ್ಲಿ ಶ್ರೀರಂಗಪಟ್ಟಣವನ್ನು ಸ್ಮರಿಸಬೇಕಾಗುತ್ತದೆ. ಟಿಪ್ಪು ಸುಲ್ತಾನನ ಆಯುಧಾಗಾರದಿಂದ ೧೭೯೯ರ ತರುವಾಯ ಹೊರಬಿದ್ದ ಪಿಸ್ತೂಲುಗಳಲ್ಲಿ, ಒಂದಕ್ಕೆ ಚಕಮಕಿಯ ಕೀಲು ಬಲಗಡೆಗೂ ಮತ್ತೊಂದಕ್ಕೆ ಎಡಗಡೆಗೂ ಇರುವ, ಕನ್ನಡಿಯ ಬಿಂಬ ಪ್ರತಿಬಿಂಬಗಳಂತಹ ಜೋಡಿಗಳು ದೊರೆತಿವೆ. ಎರಡು ಕೈಗಳೂ ಒಂದೇ ಅಲ್ಲವೆಂಬುದನ್ನು ಅರಿತು ಕೆಲಸ ಮಾಡಿದ ಕುಶಲಿಗಳು ಅಲ್ಲಿದ್ದರು.

ಅಮೆರಿಕದಲ್ಲಿ ಸ್ಯಾಮ್ಯುಯಲ್ ಕೋಲ್ಟನು ೧೮೫೧ರ ನೌಕಾಪಡೆಯ ಮಾದರಿಗೆ ಕೊಟ್ಟ ಹಿಡಿಯನ್ನು, ಅವನ ಮರಣಾನಂತರ ಬಂದ ೧೮೭೩ರ ಸೈನ್ಯದ ರಿವಾಲ್ವರಿಗೂ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡರು. ಅಲ್ಲಿನವರು ಇದಕ್ಕೆ ನೇಗಿಲ ಮೇಳಿಯೆಂದೇ ಹೆಸರಿಟ್ಟಿರುವುದು ಗಮನಾರ್ಹವಾಗಿದೆ. ಇದರ ಸುಖವು ಕೇವಲ ಆಕಾರದ್ದಲ್ಲ. ಗುಂಡು ಹಾರಿದಾಗ ಹಿಂದೊದೆತಕ್ಕೆ ಎದುರುಬೀಳದೆ ಹಿಡಿಯು ಅಂಗೈಯಲ್ಲಿ ಕೊಂಚ ಮೇಲಕ್ಕೆ ಹೊರಳುವುದು. ಅದರಿಂದ ಮುಂದಿನ ಗುಂಡಿಗಾಗಿ ಎಳೆಯಬೇಕಾದ ಸುತ್ತಿಗೆಯು ಹೆಬ್ಬೆರಳಿನ ಬಳಿಗೇ ಬರುವುದು. ಒದೆತವನ್ನೇ ಉಪಕಾರವಾಗಿ ಮಾಡಿಕೊಂಡ ಇಂಥ ಹಿಡಿಯು ಅಪೂರ್ವವಾದುದು.

ತೋಟಾಗಳು ತಾವಾಗಿ ತುಂಬಿಕೊಳ್ಳುವ ಪಿಸ್ತೂಲು ಹುಟ್ಟಿದಾಗ ಹೊಸ ತೊಡಕೊಂದು ಒದಗಿತು. ತೋಟಾಗಳ ಪೆಟ್ಟಿಗೆಯನ್ನು ಹಿಡಿಯೊಳಗೆ ಇಟ್ಟರೆ ಹಿಡಿಯು ಕೈಗಾಗಿ ಇರುವುದೋ, ತೋಟಾಗಾಗಿ ಇರುವುದೋ? ಬೋರ್ಖಾರ್ಟನ ೧೮೯೩ರ ಪಿಸ್ತೂಲಿನಲ್ಲಿ ಹಿಡಿಯು ನಳಿಗೆಗೆ ಬಹುತೇಕ ಲಂಬವಾಗಿ ನಿಂತು ತೀರ ಅನನುಕೂಲವಾಗಿತ್ತು. ಅದನ್ನು ತಿದ್ದಿದ ಗೇಯೋರ್ಗ್ ಲೂಗರನು ಹಿಡಿಯನ್ನು ಹಿಂದಕ್ಕೆ ಚೆನ್ನಾಗಿ ಓರೆಮಾಡಿದನು. ೧೯೦೦ರಲ್ಲಿ ಸ್ವಿಟ್ಸರ್ಲೆಂಡೂ, ೧೯೦೪ರಲ್ಲಿ ಜರ್ಮನಿಯ ನೌಕಾಪಡೆಯೂ, ೧೯೦೮ರಲ್ಲಿ ಅದರ ಭೂಸೈನ್ಯವೂ ಅವನ ಪಿಸ್ತೂಲನ್ನು ಸ್ವೀಕರಿಸಿದುವು. ತಾನಾಗಿ ಗುರಿಯ ಕಡೆಗೆ ತಿರುಗುವ ಪಿಸ್ತೂಲೆಂದು ಇಂದಿಗೂ ಮೊದಲು ಹೆಸರಿಸುವುದು ಇದನ್ನೇ. ಮೌಸರ್ ಕಾರ್ಖಾನೆಯ ೧೮೯೬ರ ಪಿಸ್ತೂಲು ಇದಕ್ಕೆ ವಿರುದ್ಧವಾದುದು. ಪೆಟ್ಟಿಗೆಯನ್ನು ಮುಂದಕ್ಕಿಟ್ಟು, ಹಿಡಿಯನ್ನು ಗುಂಡಗೆ ಕಡೆದಿದ್ದುದರಿಂದ ಅದಕ್ಕೆ ಪೊರಕೆಯ ಹಿಡಿಯೆಂಬ ಅಡ್ಡಹೆಸರು ಅಂಟಿತು. ಹೀಗಿದ್ದರೂ ೧೮೯೮ರ ಓಮ್‌ಡರ್ಮನ್ ಯುದ್ಧದಲ್ಲಿ ವಿನ್ಸ್ಟನ್ ಚರ್ಚಿಲನು ಹಿಡಿದುದು ಇದನ್ನೇ. ೧೮೯೬ರಲ್ಲಿ ಬೆಂಗಳೂರಿನ ದಂಡಿಗೆ ಬರುವ ಮಾರ್ಗದಲ್ಲಿ, ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗ ಭುಜವು ತಪ್ಪಿದ ಕಾರಣ ಅವನಿಗೆ ಕತ್ತಿಯನ್ನು ಬೀಸುವ ಭರವಸೆ ಇರಲಿಲ್ಲ. ಹೀಗೆ ಹಾಸ್ಯಕ್ಕೆ ಗುರಿಯಾದ ಹಿಡಿಯನ್ನೇ ಒಂದು ಕುಂದುಪಟ್ಟ ತೋಳು ಆರಿಸಿಕೊಂಡಿತು.

ಮೂಲಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುವುದು ಜಾನ್ ಬ್ರೌನಿಂಗನ ಪಿಸ್ತೂಲು. ೧೯೧೧ರಲ್ಲಿ ಅಮೆರಿಕದ ಸೈನ್ಯವು ಅದನ್ನು ಅಂಗೀಕರಿಸಿತು. ಮೊದಲ ಮಹಾಯುದ್ಧದ ಅನುಭವದಿಂದ ಅದರ ನಳಿಗೆಯು ಗುರಿಗಿಂತ ಕೆಳಕ್ಕೆ ಒಲೆಯುವುದೆಂದೂ, ಗಿಡ್ಡಬೆರಳಿನವರಿಗೆ ಟ್ರಿಗರು ಎಟಕದೆಂದೂ ಆಕ್ಷೇಪಗಳು ಹುಟ್ಟಿದುವು. ಆದುದರಿಂದ ಹಿಡಿಯ ಹಿಂಭಾಗದ ಕೆಳತುಂಡನ್ನು ಕಮಾನಿನಂತೆ ಉಬ್ಬಿಸಿ, ಟ್ರಿಗರನ್ನು ಗಿಡ್ಡಗೊಳಿಸಿ, ಅದರ ಹಿಂದೆ ಎರಡು ಕಡೆಗಳಲ್ಲಿಯೂ ಬೆರಳಿಗೆ ತಗ್ಗನ್ನು ಕೊರೆದು, ೧೯೨೬ರಲ್ಲಿ ಹೊಸ ಮಾದರಿಯ ಹೆಸರನ್ನು ಕೊಟ್ಟರು. ಆಗ ಇದೇ ಸಹಜವೆನಿಸಿತು. ಆದರೆ ಮುಂದಿನ ತಲೆಮಾರುಗಳ ಗುರಿಗಾರರಲ್ಲಿ ಅನೇಕರು ಆ ಉಬ್ಬನ್ನು ತೆಗೆದು ಚಪ್ಪಟೆ ತುಂಡನ್ನೇ ಹಾಕಿಸಿಕೊಂಡರು. ಇಂದು ಎರಡು ಬಗೆಯೂ ಮಾರಾಟಕ್ಕಿವೆ. ಮನುಷ್ಯನ ಕೈಯು ಆ ಐವತ್ತು ಅರವತ್ತು ವರ್ಷಗಳಲ್ಲಿ ಬದಲಾಗಿರಲಾರದು. ಬದಲಾದುದು ಅಭ್ಯಾಸ. ತೋಳನ್ನು ನೀಡಿ ಒಂದೇ ಕೈಯಲ್ಲಿ ಹೊಡೆಯುತ್ತಿದ್ದ ಪದ್ಧತಿಯು ಹಿಂದೆ ಬಿದ್ದು, ಎರಡು ಕೈಗಳಿಂದ ಹಿಡಿಯುವ ಪದ್ಧತಿಯು ಹರಡಿದಾಗ ಮಣಿಕಟ್ಟಿನ ನಿಲವೇ ಬೇರೆಯಾಯಿತು.

ಬ್ರೌನಿಂಗನು ೧೯೨೬ರಲ್ಲಿ ತೀರಿಕೊಂಡ ಬಳಿಕ ಬೆಲ್ಜಿಯಮ್ಮಿನ ದ್ಯೊದೊನ್ನೆ ಸೇವನು ಪೂರ್ತಿಗೊಳಿಸಿದ ೧೯೩೫ರ ಪಿಸ್ತೂಲು, ಹದಿಮೂರು ತೋಟಾಗಳನ್ನು ಎರಡು ಸಾಲಾಗಿ ನುಂಗಿಕೊಂಡೂ ಕೈಗೆ ತುಂಬಿಬರುವಂತಿರುವುದು ನಿಜವಾಗಿ ಆಶ್ಚರ್ಯಕರ. ೧೯೮೨ರಲ್ಲಿ ಆಸ್ಟ್ರಿಯದ ಸೈನ್ಯವು ಸ್ವೀಕರಿಸಿದ ಗ್ಲಾಕ್ ಪಿಸ್ತೂಲಿನ ಹಿಡಿಯು ಬ್ರೌನಿಂಗನದಕ್ಕಿಂತ ಹೆಚ್ಚು ಓರೆಯಾದುದು. ೧೯೧೧ರ ಮಾದರಿಯಲ್ಲಿ ಪಳಗಿದವರಿಗೆ ಗ್ಲಾಕಿನ ಬಾಯಿ ಮೇಲಕ್ಕೇಳುವುದು. ಗ್ಲಾಕಿನಲ್ಲಿಯೇ ಮೊದಲು ಕಲಿತವರಿಗೆ ೧೯೧೧ರದು ಕೆಳಕ್ಕೆ ಬಾಗುವುದು. ಇಬ್ಬರೂ ತಮ್ಮದೇ ಸಹಜವೆನ್ನುವರು, ಇಬ್ಬರೂ ಪ್ರಾಮಾಣಿಕರೇ. ಕಣ್ಣು ಮುಚ್ಚಿ ಮಾಡುವ ಪರೀಕ್ಷೆಯು ಅಳೆಯುವುದು ಪಿಸ್ತೂಲಿಗಿಂತ ಹೆಚ್ಚಾಗಿ ಹಿಡಿದವನ ಪೂರ್ವಸಂಸ್ಕಾರವನ್ನು ಎನ್ನಬೇಕಾಗುತ್ತದೆ.

ಸಂಸ್ಕಾರಕ್ಕೆ ಸಿಕ್ಕದೆ ಉಳಿಯುವುದು ಕೈಯ ಅಳತೆಯೊಂದೇ. ಬೆರಳಿನ ಉದ್ದವನ್ನಾಗಲಿ ಅಂಗೈಯ ಸುತ್ತಳತೆಯನ್ನಾಗಲಿ ಯಾವ ಅಭ್ಯಾಸವೂ ಹೆಚ್ಚಿಸಲಾರದು. ಒಲಿಂಪಿಕ್ ಪಂದ್ಯಗಳಲ್ಲಿ ೨೦೧೬ರವರೆಗೆ ನಡೆದ ಐವತ್ತು ಮೀಟರಿನ ಪಿಸ್ತೂಲು ಸ್ಪರ್ಧೆಯಲ್ಲಿ ಮರದ ಹಿಡಿಯನ್ನು ಗುರಿಗಾರನ ಕೈಯ ಅಚ್ಚಿಗೇ ಕಡೆದು, ಬೆರಳುಗಳೆಲ್ಲ ಅದರೊಳಗೆ ಹುದುಗುವಂತೆ ಮಾಡುತ್ತಿದ್ದರು. ಅದು ಮಣಿಕಟ್ಟಿಗೆ ಆಸರೆಯಾಗಕೂಡದೆಂಬುದೊಂದೇ ಮುಖ್ಯ ನಿರ್ಬಂಧ. ಸೈನ್ಯಗಳಿಗೆ ಇದು ಸಾಧ್ಯವಿಲ್ಲದುದರಿಂದ ಬದಲಾಯಿಸಬಹುದಾದ ಹಿಂಪಟ್ಟಿಗಳು ಬಂದುವು. ಗ್ಲಾಕಿನವರೂ ೨೦೧೦ರಲ್ಲಿ ಇವನ್ನು ಅಳವಡಿಸಿದರು. ೧೯೨೬ರಲ್ಲಿ ಎಲ್ಲ ಕೈಗಳಿಗೂ ಒಂದೇ ಉಬ್ಬನ್ನು ಕೊಟ್ಟಿದ್ದ ಅಮೆರಿಕದ ಸೈನ್ಯವು, ೨೦೧೭ರಲ್ಲಿ ಆರಿಸಿಕೊಂಡ ಹೊಸ ಪಿಸ್ತೂಲಿಗೆ ಚಿಕ್ಕದು, ನಡುತರದ್ದು, ದೊಡ್ಡದು ಎಂದು ಮೂರು ಹಿಡಿಗಳನ್ನು ಗೊತ್ತುಮಾಡಿತು.