ಬೇಲಿಯ ಕಳ್ಳಿ, ಬಂಡೆಯ ಕಳ್ಳಿ

ಯಲಬುರ್ಗಾ, ಕುಷ್ಟಗಿಗಳ ಕಡೆ ಹೋಗುವಾಗ ಹೊಲದ ಬದುವಿನ ಮೇಲೆ ಪಾಪಾಸುಕಳ್ಳಿಯ ಮೆಳೆಯನ್ನು ನೀವು ಕಂಡಿರಬಹುದು. ಅಂಗೈಯಂತೆ ಚಪ್ಪಟೆಯಾದ ಹಸುರು ಹಲಗೆಗಳು, ಮೈತುಂಬ ಮುಳ್ಳು, ಅಂಚಿನಲ್ಲಿ ಕೆಂಪು ಹಣ್ಣು. ಆ ಹಣ್ಣು ತಿಂದು ನಾಲಗೆಯನ್ನು ಕೆಂಪಗೆ ಮಾಡಿಕೊಳ್ಳದ ಹುಡುಗರು ಹಿಂದಿನ ತಲೆಮಾರಿನಲ್ಲಿ ವಿರಳ. ಇದು ಇಲ್ಲಿ ಎಂದಿನಿಂದ ಇದೆ ಎಂದು ಕೇಳಿದರೆ, ಅಜ್ಜ ಮುತ್ತಜ್ಜರ ಕಾಲದಿಂದ ಎಂಬ ಉತ್ತರ ಬರುತ್ತದೆ. ಆ ಮಾತು ನಿಜವೇ. ಆದರೆ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿದ ಶಿಲ್ಪಿಗಳು ಈ ಗಿಡವನ್ನು ಕಂಡವರಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ; ಆಗ ಅದು ಅಮೆರಿಕ ಖಂಡವನ್ನು ಬಿಟ್ಟು ಹೊರಟೇ ಇರಲಿಲ್ಲ.

ಹೆಸರನ್ನೇ ನೋಡಿರಿ. ಫಾರಸಿಯಲ್ಲಿ ಪಾಪೋಶ್ ಎಂದರೆ ಪಾದರಕ್ಷೆ. ಅದೇ ನಮ್ಮಲ್ಲಿ ಪಾಪಾಸು ಆಯಿತು. ತಮಿಳರು ಇದನ್ನು ಸಪ್ಪಾತ್ತುಕ್ಕಳ್ಳಿ ಎನ್ನುವರು. ಸಪ್ಪಾತ್ತು ಎಂಬುದು ಪೋರ್ಚುಗೀಸರಿಂದ ಬಂದ ಮಾತು, ಅದರ ಅರ್ಥವೂ ಮೆಟ್ಟು. ಕಳ್ಳಿ ಎಂಬ ಪದವಷ್ಟೇ ನಮ್ಮದು. ನಮ್ಮ ಹಳೆಯ ಕಳ್ಳಿಗಳನ್ನು ಚಿವುಟಿದರೆ ಹಾಲು ಸುರಿಯುತ್ತದೆ. ಪಾಪಾಸುಕಳ್ಳಿಯಲ್ಲಿ ಬರುವುದು ಬರಿಯ ಲೋಳೆ. ಎರಡೂ ಬೇರೆ ಬೇರೆ ಕುಲದವು. ಪಾಪಾಸುಕಳ್ಳಿ ಸೇರಿರುವ ಕ್ಯಾಕ್ಟಸ್ ಕುಲವು, ಒಂದೇ ಒಂದು ಜಾತಿಯನ್ನು ಬಿಟ್ಟರೆ, ಸಂಪೂರ್ಣವಾಗಿ ಅಮೆರಿಕದ್ದು.

ಈ ಗಿಡದ ಬೆನ್ನ ಹಿಂದೆ ಒಂದು ಬಣ್ಣದ ವ್ಯಾಪಾರವಿತ್ತು. ಮೆಕ್ಸಿಕೋದ ಕಳ್ಳಿಯ ಮೇಲೆ ಬೆಳೆಯುವ ಕಾಚಿನೀಲ್ ಎಂಬ ಸಣ್ಣ ಹುಳುವನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ ಸಿಕ್ಕುತ್ತಿತ್ತು. ಆ ವ್ಯಾಪಾರವನ್ನೆಲ್ಲ ಸ್ಪೇನ್ ದೇಶವು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ಅದನ್ನು ಮುರಿಯಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರು ಹವಣಿಸಿದರು. 1780ರ ದಶಕದ ಕೊನೆಯ ಹೊತ್ತಿಗೆ ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಇದಕ್ಕಾಗಿ ಕಳ್ಳಿಯ ತೋಟವನ್ನೇ ಎಬ್ಬಿಸಿದನು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳುವನ್ನು ತಂದನು. ಆದರೆ ತಂದದ್ದು ಮೆಕ್ಸಿಕೋದ ಉತ್ತಮ ತಳಿಯಲ್ಲ, ಕಾಡುಜಾತಿ. ಬಣ್ಣ ಕೈಗೆ ಹತ್ತಲಿಲ್ಲ. ಹುಳು ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ತೀರಿಸಿತು. ಇದನ್ನು ಕಂಡವರು 1836ರಿಂದ 1838ರೊಳಗೆ, ಕಳ್ಳಿಯನ್ನು ಅಳಿಸಲೆಂದೇ ಅದನ್ನು ದಕ್ಷಿಣಕ್ಕೆ ತಂದು ಬಿಟ್ಟರು. ಹುಳುವಿನಿಂದ ಕಳೆಯನ್ನು ಕೊಲ್ಲಿಸುವ ವಿದ್ಯೆಯು ಲೋಕದಲ್ಲಿ ಮೊದಲು ಫಲಿಸಿದ್ದು ಹೀಗೆ, ನಮ್ಮ ದೇಶದಲ್ಲಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೆಚ್ಚು ಮುಳ್ಳಿನ ಬೇರೆ ಜಾತಿಗಳನ್ನು ಆ ಹುಳು ಮುಟ್ಟಲಿಲ್ಲ. ಅವು ಹೊಲ, ಗೋಮಾಳ, ಊರ ಹೊರವಲಯಗಳನ್ನು ಆಕ್ರಮಿಸಿದವು. ಬರಗಾಲ ಬಂದಾಗ ದಖ್ಖಣದ ರೈತರು ಮುಳ್ಳು ಸುಟ್ಟು ದನಗಳಿಗೆ ಹಾಕಿದ್ದುಂಟು. ಆದರೆ ಒಳ್ಳೆಯ ದಿನಗಳಲ್ಲಿ ಅದು ಭೂಮಿಗೆ ಭಾರವೇ. ಕೊನೆಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳುವನ್ನು ತರಲಾಯಿತು. ಐದಾರು ವರ್ಷಗಳಲ್ಲಿ ದಕ್ಷಿಣ ಭಾರತದ ಸುಮಾರು 40 ಸಾವಿರ ಹೆಕ್ಟೇರ್ ನೆಲ ಬಿಡುಗಡೆಯಾಯಿತು. ನಾವು ಇಂದು ಬದುವಿನಲ್ಲಿ ನೋಡುತ್ತಿರುವುದು ಅಳಿದುಳಿದ ಸಂತತಿ.

ಪಾಪಾಸುಕಳ್ಳಿಯೊಂದೇ ಅಲ್ಲ, ನಮ್ಮ ಮನೆಯಂಗಳದಲ್ಲಿ ಪರದೇಶದವು ಬೇಕಾದಷ್ಟಿವೆ. ಹಗ್ಗಕ್ಕೆ ನಾರು ಕೊಡುವ ಕತ್ತಾಳೆ ಅಮೆರಿಕದ್ದು, ಲೋಳೆಸರ ಅರಬ್ಬೀ ನಾಡಿನದು. ಬೇಲಿಗೆ ಹಾಕುವ ಬೊಂತೆಗಳ್ಳಿಗೆ ಲಿನ್ನೇಯಸ್ 1753ರಲ್ಲಿ ಮಲಯಾಳದ ತಿರುಕ್ಕಳ್ಳಿ ಎಂಬ ಹೆಸರನ್ನೇ ಇಟ್ಟನು. ಗಿಡದ ತವರು ಮಾತ್ರ ಆಫ್ರಿಕ. ಕಾಡುಬಸಳೆ ಮಡಗಾಸ್ಕರ್ ದ್ವೀಪದ್ದು. ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಈ ಕಾಡುಬಸಳೆಯ ಎಲೆಯನ್ನು ಅಗಿದು ನೋಡಿ, ಬೆಳಗ್ಗೆ ಹುಳಿಯಾಗಿರುವ ಎಲೆ ಮಧ್ಯಾಹ್ನಕ್ಕೆ ಸಪ್ಪೆಯಾಗುವುದೆಂದು 1813ರಲ್ಲಿ ಬರೆದನು. ಕಾರಣ ತಿಳಿದದ್ದು ಎಷ್ಟೋ ಕಾಲದ ಮೇಲೆ. ಬಿಸಿಲುನಾಡಿನ ಇಂಥ ಗಿಡಗಳು ನೀರು ಆವಿಯಾಗದಂತೆ ಹಗಲೆಲ್ಲ ತಮ್ಮ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಗಾಳಿಯನ್ನು ಎಳೆದು ಹುಳಿಯ ರೂಪದಲ್ಲಿ ಕೂಡಿಡುತ್ತವೆ. ಹಗಲಿನಲ್ಲಿ ಅದನ್ನು ಬಳಸಿ ಆಹಾರ ಮಾಡಿಕೊಳ್ಳುತ್ತವೆ. ಮನೆಯಲ್ಲಿ ಕಾಡುಬಸಳೆ ಇದ್ದರೆ ನೀವೂ ಬೆಳಗಿನ ಎಲೆಯನ್ನೂ ಮಧ್ಯಾಹ್ನದ ಎಲೆಯನ್ನೂ ಒಂದೊಂದು ಚೂರು ನಾಲಗೆಗೆ ಮುಟ್ಟಿಸಿ ನೋಡಬಹುದು.

ಹಾಗಾದರೆ ಈ ನೆಲದ್ದೇ ಆದ ರಸಭರಿತ ಗಿಡಗಳು ಇಲ್ಲವೆ? ಅವನ್ನು ನೋಡಲು ಬದುವನ್ನು ಬಿಟ್ಟು ಬಂಡೆಯನ್ನು ಹತ್ತಬೇಕು. 1953ರಲ್ಲಿ ಮುನಿರಾಬಾದಿನ ಅಣೆಕಟ್ಟಿಗೆ ನೀರು ಬಂದ ಮೇಲೆ ಗಂಗಾವತಿಯ ಬಯಲು ಭತ್ತದ ಕಣಜವಾಯಿತು. ಬಂಡೆಗುಡ್ಡಗಳು ಮಾತ್ರ ಹಿಂದಿನಂತೆಯೇ ಉಳಿದವು. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳನ್ನು ಹೊತ್ತಿರುವುದು ಇಂಥ ಬಂಡೆಗಳೇ. ಈ ಸೀಮೆಯ ಗುಡ್ಡಗಳ ಸಂದಿಗಳಲ್ಲಿ ಹಾಲು ಸುರಿಸುವ ಚದುರಗಳ್ಳಿಯನ್ನೂ, ಹಪ್ಪಳಕ್ಕೂ ಮುರಿದ ಮೂಳೆಯ ಔಷಧಕ್ಕೂ ಹೆಸರಾದ ಮಂಗರವಳ್ಳಿಯನ್ನೂ, ಹುಲ್ಲಿನ ನಡುವೆ ಕಣ್ಣಿಗೆ ಬೀಳದಂತಿರುವ ಮಂಗನಕೋಡನ್ನೂ ಹುಡುಕಿರಿ. ಮಂಗನಕೋಡಿನ ಎಳೆಯ ಕಾಂಡವನ್ನು ಹಸಿವು ತಣಿಯಲೆಂದು ಕುರಿಗಾಹಿಗಳು ಅಗಿಯುತ್ತಿದ್ದರು. 1795ರಲ್ಲಿ ರಾಕ್ಸ್‌ಬರ್ಗ್ ಇದನ್ನು ಚಿತ್ರಸಹಿತ ಪ್ರಕಟಿಸಿದನು. ಇದರ ಕುಲಕ್ಕೆ ಬಂದ ಕಾರಲ್ಲುಮ ಎಂಬ ಶಾಸ್ತ್ರೀಯ ನಾಮವೂ ತೆಲುಗಿನಿಂದಲೇ ಹೋದದ್ದು. ಇದರ ಬಂಧುಗಳಿಗೆ ಪರದೇಶಗಳ ಗಾಜಿನ ಮನೆಗಳಲ್ಲಿ ರಾಜಮರ್ಯಾದೆ ಇದೆ. ಇಲ್ಲಿ ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟಿಗಾಗಿ ಬಂಡೆ ಒಡೆದಾಗ ಅದು ಕಲ್ಲಿನ ಜೊತೆಗೇ ಹೋಗುತ್ತದೆ, ಕೇಳುವವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ತುಸು ಕಹಿಯಾಗಿಯೇ ನಿಜವಾಗಿದೆ.

ಈಗ ಪಟ್ಟಣದ ತಾರಸಿಗಳಲ್ಲಿ ಅಡೀನಿಯಂ, ಬಗೆಬಗೆಯ ಕ್ಯಾಕ್ಟಸ್ ಕುಂಡಗಳು ಕಾಣುತ್ತಿವೆ. ನಮ್ಮ ಬಿಸಿಲಿಗೆ ಅವು ಹೊಂದಿಕೊಳ್ಳುತ್ತವೆ. ಬೆಳೆಸುವುದು ಸಂತೋಷದ ಹವ್ಯಾಸ. ಆದರೆ ತರುವ ಮುನ್ನ ಅದು ಎಲ್ಲಿಯದು, ತುಂಡು ಬಿದ್ದಲ್ಲೆಲ್ಲ ಬೇರು ಬಿಡುವುದೇ ಎಂದು ಕೇಳಿರಿ. ಬೇಡವಾದ ತುಂಡನ್ನು ಹಳ್ಳಕ್ಕೆ ಎಸೆಯಬೇಡಿರಿ. ಅವುಗಳ ಸಾಲಿನಲ್ಲಿ ಮಂಗರವಳ್ಳಿಗೂ ಒಂದು ಕುಂಡವಿರಲಿ. ಗುಡ್ಡದ ಗಿಡವನ್ನು ಬುಡಸಮೇತ ಕೀಳುವುದು ಬೇಡ, ಪರಿಚಿತರ ಮನೆಯಿಂದ ಒಂದು ಗೆಣ್ಣು ತಂದು ಊರಿದರೆ ಸಾಕು, ಮಳೆಗಾಲದಲ್ಲಿ ತಾನೇ ಹಬ್ಬುತ್ತದೆ.